ರಿಚರ್ಡನ ನರೆಗೂದಲು

2020ರ ಏಪ್ರಿಲ್‌ನಲ್ಲಿ ಅಟ್ಟೂರಿನ ನಮ್ಮ ಮನೆಯಲ್ಲಿ ದಿನಕ್ಕೆರಡು ಕಥೆ ನಡೆಯುತ್ತಿದ್ದವು. ಸಂಜೆ ಏಳಕ್ಕೆ ಡಿಡಿ ಭಾರತಿಯಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ; ಅದು ಅಮ್ಮನದು. ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ, ಒಂದು ದ್ವೀಪದಲ್ಲಿ ನಡೆಯುವ ಅಮೆರಿಕದ ಧಾರಾವಾಹಿ ‘ಲಾಸ್ಟ್’; ಅದು ನನ್ನದು. ಲಾಕ್‌ಡೌನಿನಿಂದ ರಸ್ತೆಯಲ್ಲಿ ಸದ್ದಿಲ್ಲ. ಪುಟ್ಟೇನಹಳ್ಳಿ ಕೆರೆ ಕಡೆಯ ಹಕ್ಕಿಗಳ ಗದ್ದಲ ಕತ್ತಲಾದ ಮೇಲೂ ಕೇಳುತ್ತಿತ್ತು. ಅಮ್ಮನಿಗೆ ಆಗ ಎಪ್ಪತ್ತೆಂಟು. ಇಂಗ್ಲಿಷ್ ಬಾರದು. ಆದರೂ ಮಂಚದಲ್ಲಿ ಒರಗಿಕೊಂಡು ನನ್ನ ಪರದೆಯ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದಳು. ಒಂದು ರಾತ್ರಿ ಎದ್ದು ಕೂತು ಕೇಳಿದಳು: “ಅವನಿಗೇನು, ವಯಸ್ಸೇ ಆಗಲ್ವಾ?”

ಅವನೆಂದರೆ ರಿಚರ್ಡ್ ಆಲ್ಪರ್ಟ್. ಕಾಡಿನಲ್ಲಿ ಒಬ್ಬ ಪುಟ್ಟ ಹುಡುಗನಿಗೆ ಎದುರಾಗುತ್ತಾನೆ. ಆ ಹುಡುಗ ಬೆಳೆದು, ನಡುವಯಸ್ಸು ದಾಟಿ, ಮುಖದಲ್ಲಿ ಗೆರೆ ಬಿದ್ದು ನಿಂತಾಗಲೂ ಪಕ್ಕದಲ್ಲಿ ಅದೇ ರಿಚರ್ಡ್, ಅದೇ ಕಪ್ಪು ಕೂದಲು, ಕಾಡಿಗೆ ತೀಡಿದಂಥ ಅದೇ ಕಣ್ಣು. (ಕಾಡಿಗೆ ಹಚ್ಚಿಲ್ಲ. ನೆಸ್ಟರ್ ಕಾರ್ಬೊನೆಲ್ ಎಂಬ ಆ ನಟನ ರೆಪ್ಪೆಗಳೇ ಅಷ್ಟು ದಟ್ಟ.)

“ಆ ದ್ವೀಪ ಕಾಲದಲ್ಲಿ ಹಿಂದೆ ಮುಂದೆ ಜಾರುತ್ತಮ್ಮ, ಇವನೂ ಹಾಗೇ ಓಡಾಡ್ತಿರಬೇಕು” ಎಂದೆ. ನಾನು ಹಾಗೆಯೇ ನಂಬಿದ್ದೆ.

“ಓ, ರೇವತಿ ಥರ” ಎಂದಳು ಅಮ್ಮ.

ಪುರಾಣಗಳ ಕಥೆ. ಕುಶಸ್ಥಲಿಯ ರಾಜ ಕಕುದ್ಮಿ, ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆದಿತ್ತು. ಮುಗಿಯಲೆಂದು ಕಾದ. ಕೇಳುವ ಹೊತ್ತಿಗೆ ಬ್ರಹ್ಮ ನಕ್ಕ: ನೀನು ಮನಸ್ಸಿನಲ್ಲಿಟ್ಟುಕೊಂಡು ಬಂದ ವರರೆಲ್ಲ ಮಣ್ಣಾಗಿ, ಭೂಮಿಯಲ್ಲಿ 27 ಚತುರ್ಯುಗ ಕಳೆದಿವೆ. ಒಂದೊಂದು ಚತುರ್ಯುಗಕ್ಕೆ 43,20,000 ವರ್ಷ. ಮರಳಿ ಬಂದ ರೇವತಿಯನ್ನು ಬಲರಾಮ ಮದುವೆಯಾದ. ಹಳೆಯ ಯುಗದ ಹುಡುಗಿ, ತೀರಾ ಎತ್ತರ. ನೇಗಿಲಿನ ತುದಿಯಿಂದ ಅವಳನ್ನು ತನ್ನ ಕಾಲದ ಅಳತೆಗೆ ತಂದುಕೊಂಡನಂತೆ. ಕಾಲಪ್ರಯಾಣದ ಕಥೆಗಳಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ. ಬೇರೆ ಕಾಲದಿಂದ ಬಂದವಳು ಈ ಕಾಲದಲ್ಲಿ ಹಿಡಿಸುವುದಿಲ್ಲ ಎಂಬುದನ್ನು ಮೈಯಳತೆಯಲ್ಲೇ ಹೇಳಿಬಿಟ್ಟಿದ್ದಾರೆ.

ಆದರೆ ಅಮ್ಮನ ಹೋಲಿಕೆ ಕೇಳಿದ ಮೇಲೆಯೇ ನನ್ನ ಉತ್ತರ ತಪ್ಪೆಂದು ಹೊಳೆದದ್ದು. ರೇವತಿಗೆ ಅಷ್ಟು ವರ್ಷ ಬದುಕುವ ಕಷ್ಟವೇ ಬರಲಿಲ್ಲ. ಒಂದು ಹಾಡು ಕೇಳಿ ಎದ್ದಳು, ಅಷ್ಟೇ. ಐನ್‌ಸ್ಟೈನರ ಲೆಕ್ಕವೂ ಇದೇ: ಬೆಳಕಿನ ವೇಗದ ಹತ್ತಿರ ಹತ್ತಿರ ಓಡಿದವನ ಗಡಿಯಾರ ನಿಧಾನವಾಗುತ್ತದೆ, ಅವನು ಬದುಕುವ ದಿನಗಳೇ ಕಡಿಮೆ. ರಿಚರ್ಡ್ ಹಾಗಲ್ಲ. 1954ರಲ್ಲಿದ್ದಾನೆ, 1977ರಲ್ಲಿದ್ದಾನೆ, 2007ರಲ್ಲಿದ್ದಾನೆ. ನಡುವಿನ ಒಂದು ದಿನವನ್ನೂ ಹಾರಿಸದೆ, ಎಲ್ಲ ಬೆಳಗು ಎಲ್ಲ ರಾತ್ರಿಗಳನ್ನು ಕಳೆದು ಬಂದಿದ್ದಾನೆ. ಕಾಲದಲ್ಲಿ ಜಾರಿದ್ದು ಬೇರೆಯವರು, ಅವನಲ್ಲ.

ಐದನೆಯ ಸೀಸನ್ನಿನಲ್ಲಿ ಒಂದು ದಿಕ್ಸೂಚಿ ಬರುತ್ತದೆ. 2007ರಲ್ಲಿ ರಿಚರ್ಡ್ ಅದನ್ನು ಜಾನ್ ಲಾಕ್ ಎಂಬುವನ ಕೈಗಿಡುತ್ತಾನೆ. ಲಾಕ್ 1954ಕ್ಕೆ ಜಾರಿ, ಅಲ್ಲಿ ರಿಚರ್ಡನಿಗೆ ಅದನ್ನೇ ಕೊಡುತ್ತಾನೆ. ಹಾಗಾದರೆ ಅದನ್ನು ಮಾಡಿದವರು ಯಾರು? ಯಾರೂ ಅಲ್ಲ. ಪ್ರತಿ ಸುತ್ತಿಗೂ 53 ವರ್ಷ ಸವೆಯಬೇಕಾದ ವಸ್ತು ಸವೆಯುವುದೂ ಇಲ್ಲ. ಜಾಣ ಒಗಟು. ನಾನು ಎರಡು ರಾತ್ರಿ ಅದನ್ನೇ ಯೋಚಿಸಿದೆ. ಅಮ್ಮ ಒಂದು ನಿಮಿಷವೂ ಯೋಚಿಸಲಿಲ್ಲ. ಅವಳಿಗೆ ಬೇಕಾದದ್ದು ಆ ಮನುಷ್ಯನ ವಿಷಯ.

ಉತ್ತರ ಸಿಕ್ಕಿದ್ದು ಆರನೆಯ ಸೀಸನ್ನಿನಲ್ಲಿ. 1867, ಟೆನರೀಫ್ ದ್ವೀಪ. ಬಡವ ರಿಕಾರ್ಡೊ, ಅಂದರೆ ನಮ್ಮ ರಿಚರ್ಡನೇ; ಕಾಯಿಲೆ ಬಿದ್ದ ಹೆಂಡತಿ ಇಸಬೆಲ್ಲಾ. ಔಷಧಿ ಕೇಳಲು ಮಳೆಯಲ್ಲಿ ವೈದ್ಯನ ಮನೆಗೆ ಹೋಗುತ್ತಾನೆ. ಇದ್ದಬದ್ದ ಹಣದ ಜೊತೆಗೆ ಹೆಂಡತಿ ಕತ್ತಿನಿಂದ ತೆಗೆದುಕೊಟ್ಟ ಶಿಲುಬೆಯನ್ನೂ ಮುಂದಿಡುತ್ತಾನೆ. ವೈದ್ಯ ಒಪ್ಪುವುದಿಲ್ಲ. ಎಳೆದಾಟದಲ್ಲಿ ವೈದ್ಯ ಬಿದ್ದು ಸಾಯುತ್ತಾನೆ. ಔಷಧಿ ಹಿಡಿದು ಓಡಿಬಂದರೆ ಅವಳೂ ಸತ್ತಿದ್ದಾಳೆ. ಪಾದ್ರಿ ಕ್ಷಮೆ ಕೊಡುವುದಿಲ್ಲ, ನಿನಗೆ ನರಕವೇ ಅನ್ನುತ್ತಾನೆ. ಗುಲಾಮನಾಗಿ ಹಡಗು ಹತ್ತಿ, ಆ ಹಡಗೊಡೆದು ದ್ವೀಪ ಸೇರಿದವನಿಗೆ ಅಲ್ಲಿಯ ಕಾವಲುಗಾರ ಜೇಕಬ್ ಒಂದು ಕೆಲಸ ವಹಿಸಿ, ಬದಲಿಗೆ ಏನು ಬೇಕೆಂದು ಕೇಳುತ್ತಾನೆ. ಹೆಂಡತಿ ಬೇಕು. ಆಗದು. ಪಾಪ ಕಳೆ. ಅದೂ ಆಗದು. ಹಾಗಾದರೆ ನಾನು ಸಾಯದ ಹಾಗೆ ಮಾಡು, ನರಕಕ್ಕೆ ಹೋಗಲಾರೆ. ಅದಾಗುತ್ತದೆ ಎಂದು ಜೇಕಬ್ ಅವನ ಭುಜ ಮುಟ್ಟುತ್ತಾನೆ.

ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಂದ್ರೆ ಅವನು ಕೇಳಿದ್ದು ಮೂರನೇ ವರ” ಎಂದಳು. ಮೊದಲೆರಡು ಸಿಕ್ಕಿದ್ದರೆ ಇದನ್ನು ಯಾರು ಕೇಳುತ್ತಿದ್ದರು?

ನಮ್ಮ ಮಾತಿನಲ್ಲಿ ಅಮರ ಬೇರೆ, ಅಜರ ಬೇರೆ. ಅಮರನಿಗೆ ಸಾವಿಲ್ಲ, ಅಜರನಿಗೆ ಮುಪ್ಪಿಲ್ಲ. ಮಾರ್ಕಂಡೇಯನಿಗೆ ಎರಡೂ ದಕ್ಕಿದವು, ಹದಿನಾರಕ್ಕೇ ನಿಂತ. ಅಶ್ವತ್ಥಾಮನಿಗೆ ಸಿಕ್ಕಿದ್ದು ಹಣೆಯ ಮಣಿ ಕಿತ್ತ ಗಾಯ, ಕೀವು ನೆತ್ತರಿನ ವಾಸನೆ ಹೊತ್ತು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ. ಹುಟ್ಟುಹಬ್ಬದ ದಿನ ಹಣೆಗೆ ಕುಂಕುಮವಿಟ್ಟು ಚಿರಂಜೀವಿಗಳ ಹೆಸರು ಹೇಳುವಾಗ ಮೊದಲು ಬರುವುದೇ ಅವನ ಹೆಸರು. ಇದು ನನ್ನನ್ನು ಚಿಕ್ಕಂದಿನಿಂದ ಕಾಡಿದೆ. ರಿಚರ್ಡನ ಗಾಯ ಕಣ್ಣಿಗೆ ಕಾಣದು, ಅಷ್ಟೇ ವ್ಯತ್ಯಾಸ. ಜೇಕಬ್ ಸತ್ತ ಮೇಲೆ ಅವನು ಸಾಯಲು ಹೊರಡುತ್ತಾನೆ. ಆದರೆ ತನ್ನ ಕೈಯಾರೆ ಸಾಯುವಂತಿಲ್ಲ. ಡೈನಮೈಟಿನ ಬತ್ತಿ ಹಚ್ಚಿಕೊಡೆಂದು ಇನ್ನೊಬ್ಬನನ್ನು ಬೇಡುತ್ತಾನೆ. ಹಚ್ಚಿದ ಬತ್ತಿಯೂ ಆರಿಹೋಗುತ್ತದೆ.

ಮೇ ತಿಂಗಳಲ್ಲಿ ಕೊನೆಯ ಕಂತು ನೋಡಿದೆವು. ಅಮ್ಮನಿಗೆ ನಿದ್ದೆ ಹತ್ತಿತ್ತು. ದೋಣಿಯಲ್ಲಿ ಕೂತಾಗ ಜೊತೆಗಾರ ಮೈಲ್ಸ್ ರಿಚರ್ಡನ ಕಿವಿಯ ಮೇಲ್ಗಡೆ ಏನೋ ಕಂಡು ಕಿತ್ತು ತೋರಿಸುತ್ತಾನೆ. ಒಂದೇ ಒಂದು ನರೆಗೂದಲು. 140 ವರ್ಷಗಳ ನಂತರ ಮೊದಲನೆಯದು. ಅದನ್ನು ನೋಡಿ ರಿಚರ್ಡನ ಮುಖ ಅರಳುತ್ತದೆ. ತನಗೆ ಬದುಕುವ ಆಸೆಯಿದೆಯೆಂದು ಆಗ ಅವನಿಗೆ ಗೊತ್ತಾಗುತ್ತದೆ.

ನಾನು ಅಮ್ಮನನ್ನು ಎಬ್ಬಿಸಿದೆ. ಕನ್ನಡಕ ಹಾಕಿಕೊಂಡು, ಪರದೆಯ ಹತ್ತಿರ ಬಗ್ಗಿದಳು. ಇನ್ನೊಂದು ಸಲ ತೋರಿಸು ಎಂದಳು. ತೋರಿಸಿದೆ.

“ಸದ್ಯ,” ಎಂದಳು, “ಬಂತಲ್ಲ.”