ಮಾನ್ವಿಯ ದಾರಿಯಲ್ಲೊಂದು ಹಾಡಿನ ಜಗಳ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ನಾಡಿನಲ್ಲಿ ಬಿಸಿಲಿಗೆ ಹೆಸರಾದ ಊರು ರಾಯಚೂರು. 1294ರಲ್ಲಿ ಕಟ್ಟಿದ ಕೋಟೆಯನ್ನು ನೋಡಿ, ತೀನ್ ಕಂದೀಲ್ ಬಳಿ ಚಹಾಕ್ಕೆಂದು ನಿಂತ ಪ್ರವಾಸಿಗನ ಕಿವಿಗೆ ಮೊದಲು ಬೀಳುವುದು ಚರಿತ್ರೆಯಲ್ಲ, ಚಿತ್ರಗೀತೆ. ಕನ್ನಡ, ತೆಲುಗು, ಉರ್ದು ಬೆರೆತ ಈ ಊರಿನಲ್ಲಿ ಹಾಡಿಗೆ ಗಡಿಯಿಲ್ಲ. ಹಾಡಿನ ಮೇಲಣ ಜಗಳಕ್ಕಂತೂ ಕೊನೆಯೇ ಇಲ್ಲ.

ಈ ಜಗಳದ ನಾಯಕರು ಹಂಸಲೇಖ. 1951ರಲ್ಲಿ ಹುಟ್ಟಿದ ಇವರು 1987ರ ‘ಪ್ರೇಮಲೋಕ’ದಿಂದ ಕನ್ನಡ ಚಿತ್ರಗೀತೆಯ ನಡಿಗೆಯನ್ನೇ ಬದಲಿಸಿದರು. ಪದವೂ ಸ್ವರವೂ ಒಂದೇ ಕೈಯಿಂದ ಬಂದವು. ಕಾಲೇಜಿನ ಹುಡುಗರ ಆಡುಮಾತೇ ಪಲ್ಲವಿಯಾಯಿತು. ಅಂದು ಧ್ವನಿಸುರುಳಿ ಸವೆಯುವಂತೆ ಕೇಳಿದ ತರುಣರ ತಲೆ ಇಂದು ನರೆತಿದೆ. ಅವರ ಪೂರ್ವಪಕ್ಷ ಹೀಗೆ: “ಆ ಹಂಸಲೇಖ ಈಗೆಲ್ಲಿ? ದೂರದರ್ಶನದ ‘ಸರಿಗಮಪ’ದಲ್ಲಿ ಮಹಾಗುರುವಾದರು, ದೇಸಿ ದೇಸಿ ಎಂದರು, ಹಾಡು ಮಾತ್ರ ಹಿಂದೆ ಉಳಿಯಿತು.”

ಮಾನ್ವಿಯ ಬಸ್ಸು ಹತ್ತಿದರೂ ಈ ವಾದ ಕೆಳಗಿಳಿಯುವುದಿಲ್ಲ. ಹಿಂದಿನ ಪೀಠದ ಕಿರಿಯರದು ಉತ್ತರಪಕ್ಷ: ‘ಪ್ರೇಮಲೋಕ’ ಮಾಡಿದ ಕೈಯೇ 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಶಾಸ್ತ್ರೀಯ ಮಟ್ಟು ಹಾಕಿ ರಾಷ್ಟ್ರಪ್ರಶಸ್ತಿ ಪಡೆಯಲಿಲ್ಲವೆ? 2005ರ ‘ನೆನಪಿರಲಿ’ ಹಾಡಿಸಲಿಲ್ಲವೆ? 2023ರಲ್ಲಿ ಮೈಸೂರು ದಸರೆಯನ್ನು ಉದ್ಘಾಟಿಸುವ ಗೌರವ ಬಂದುದು ಬರಿಯ ನೆನಪಿಗಾಗಿಯೆ? “ನೀವು ಹೊಸದನ್ನು ಪೂರ್ತಿ ಕೇಳಿದ್ದೀರಾ?” ಎಂಬ ಪ್ರಶ್ನೆಗೆ ಮಾತ್ರ ಹಿರಿಯರು ಕಿಟಕಿಯಾಚೆ ನೋಡುತ್ತಾರೆ.

ಕಿಟಕಿಯಾಚೆ ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಗದ್ದೆಗಳು. ಮುಂದೆ ಮಾನ್ವಿ, ಜಗನ್ನಾಥದಾಸರ ಊರು. ಹಾಡಿನ ಜಗಳ ಈ ನೆಲಕ್ಕೆ ಹೊಸತಲ್ಲ. ದಾಸರಾಗುವ ಮುನ್ನ ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದ ದೊಡ್ಡ ಪಂಡಿತರು. ಇದೇ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಕನ್ನಡದಲ್ಲಿ ಹಾಡಿ ಕುಣಿಯುವುದು ಅವರಿಗೆ ಹಗುರವಾಗಿ ತೋರಿತು. ದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರಂತೆ, ನೆಪವೇ ನಿಜವಾಯಿತಂತೆ. ನೋವಿನಿಂದ ಬಿಡಿಸಿದವರು ವಿಜಯದಾಸರ ಶಿಷ್ಯ ಗೋಪಾಲದಾಸರು. ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷವನ್ನೇ ಧಾರೆಯೆರೆದರೆಂದು ಪ್ರತೀತಿ. ಕನ್ನಡದ ಹಾಡನ್ನು ಕೇಳಲೊಲ್ಲದ ಆ ಪಂಡಿತರೇ ಮುಂದೆ ಕನ್ನಡದಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರು.

ಗೋಪಾಲದಾಸರ ಹುಟ್ಟೂರು ಮೊಸರಕಲ್ಲು ಇರುವುದು ದೇವದುರ್ಗ ತಾಲ್ಲೂಕಿನಲ್ಲಿ. ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋಗುವವರಿಗೆ ಆ ದಾರಿಯಲ್ಲಿ ಇನ್ನೊಂದು ವಿಚಾರ ಹೊಳೆಯದಿರದು. ದಾಸರ ಪದಗಳು ಉಳಿದಿವೆ. ಅವರು ಹಾಡಿದ ಮಟ್ಟುಗಳು ಬಹುಮಟ್ಟಿಗೆ ಕಳೆದುಹೋಗಿವೆ. ಭೀಮಸೇನ ಜೋಶಿಯವರು ಹಾಡಿದ್ದು ಒಂದು ಬಗೆ, ಊರ ಭಜನಾಮಂಡಳಿಯದು ಇನ್ನೊಂದು ಬಗೆ. ಪ್ರತಿ ತಲೆಮಾರೂ ಹೊಸ ಮಟ್ಟು ಹಾಕಿಕೊಂಡುದರಿಂದಲೇ ಪದ ಬಾಳಿತು.

ಹಾಗೆಂದು ಹೊಸತೆಲ್ಲವೂ ಒಳ್ಳೆಯದೆಂದಲ್ಲ. ಹಿರಿಯ ಕಲಾವಿದನ ಈಚಿನ ಹಾಡು ಸಪ್ಪೆಯಾದರೆ ಸಪ್ಪೆಯೆನ್ನುವ ಹಕ್ಕು ರಸಿಕನಿಗೆ ಇದ್ದೇ ಇದೆ. ಆದರೆ ತನ್ನ ಇಪ್ಪತ್ತರ ಹರೆಯವನ್ನು ಹಿಂದಕ್ಕೆ ಕೊಡೆಂದು ಸಂಗೀತಗಾರನನ್ನು ಕೇಳುವುದು ಸಾಲ ವಸೂಲಿಯಾದೀತೇ ಹೊರತು ರಸಿಕತೆಯಾಗದು. ‘ಪ್ರೇಮಲೋಕ’ ಬಂದಾಗ, ಇದೂ ಒಂದು ಹಾಡೆ ಎಂದು ಮೂಗು ಮುರಿದ ತಂದೆಯರನ್ನು ಇಂದಿನ ಹಿರಿಯರು ಮರೆತಿರಲಾರರು.

ಸಂಜೆ ದೇವದುರ್ಗದ ನಿಲ್ದಾಣದಲ್ಲಿ ಇಳಿಯುವಾಗಲೂ ಜಗಳ ತೀರಿರುವುದಿಲ್ಲ. ತೀರಬೇಕಾಗಿಯೂ ಇಲ್ಲ. ಜಗಳವಾಡುವವರಿರುವ ತನಕ ಹಾಡನ್ನು ಕೇಳುವವರಿದ್ದಾರೆಂದೇ ಅರ್ಥ. ಉಣ್ಣುವ ಮೊದಲೇ ಹೊಟ್ಟೆನೋವೆನ್ನದಿದ್ದರೆ ಸಾಕು; ಮಾನ್ವಿಯ ಪಂಡಿತರ ಕಥೆ ಹೇಳುವುದೂ ಅದನ್ನೇ.