ನಿಧಾನವಾಗಿ ಹೇಳಿಕೊಡಿ

ಕೊರಿಯನ್ ಕ್ಲಾಸಿಗೆ ನಾನು ಸೇರಿದ್ದು ಡ್ರಾಮಾ ಹುಚ್ಚಿಗಲ್ಲ. ಕ್ಲೈಂಟು ಸಿಯೋಲ್‌ನಲ್ಲಿದ್ದಾರೆ, ವಾರಕ್ಕೆ ಮೂರು ಕಾಲ್, ಅಷ್ಟೇ. ಬೆಂಗಳೂರಲ್ಲಿ ಶನಿವಾರ ಬೆಳಗ್ಗೆ ಕ್ಲಾಸು. ಮೊದಲ ದಿನ, ಅಕ್ಷರಕ್ಕೂ ಮುಂಚೆ, ಮೇಡಂ ನಾಲ್ಕು ಮಾತು ಬಾಯಿಪಾಠ ಮಾಡಿಸಿದರು. ಮೊರುಗೆಸ್ಸೊಯೊ: ಗೊತ್ತಾಗ್ತಿಲ್ಲ. ಚಿಲ್ಮುನ್ ಇಸ್ಸೊಯೊ: ಪ್ರಶ್ನೆ ಇದೆ. ತಾಶಿ ಹನ್‌ಬೊನ್ ಮಲ್ಹೆ ಜುಸೆಯೊ: ಇನ್ನೊಂದ್ಸಲ ಹೇಳಿ. ಚೊನ್‌ಚೊನಿ ಮಲ್ಹೆ ಜುಸೆಯೊ: ನಿಧಾನವಾಗಿ ಹೇಳಿ.

ಕೊನೆಯದನ್ನ ಬಿಡಿಸಿ ನೋಡಿ. ಚೊನ್‌ಚೊನಿ ಅಂದರೆ ನಿಧಾನವಾಗಿ, ಮಲ್ಹೆ ಅಂದರೆ ಹೇಳಿ, ಜುಸೆಯೊ ಅಂದರೆ ಕೊಡಿ. ನಿಧಾನವಾಗಿ ಹೇಳಿಕೊಡಿ! ಪದದ ಜಾಗ ಕೂಡ ಬದಲಾಗಿಲ್ಲ. ಬಾಲದ 'ಯೊ' ಹೆಚ್ಚುಕಮ್ಮಿ ನಮ್ಮ 'ರೀ'. ಕ್ಲಾಸಲ್ಲಿ ಇಂಗ್ಲಿಷಿನಿಂದ ತರ್ಜುಮೆ ಮಾಡ್ಕೊಳ್ತಿದ್ದವರು ವಾಕ್ಯವನ್ನ ತಲೆಕೆಳಗು ಮಾಡಿ ಒದ್ದಾಡ್ತಿದ್ದರೆ, ನಾನು ಕನ್ನಡದ ಮೇಲೇ ಪದ ಜೋಡಿಸ್ಕೊಂಡು ಹೋದೆ. (ಲಿಪಿ ಬೇರೆ ಕಥೆ. ಸೆಜೊಂಗ್ ರಾಜ 1446ರಲ್ಲಿ ಹೊರತಂದಾಗಲೇ, ಜಾಣನಿಗೆ ಒಂದು ಬೆಳಗು, ದಡ್ಡನಿಗೆ ಹತ್ತು ದಿನ ಸಾಕು ಅಂತ ಬರೆದಿಟ್ಟಿದ್ದಾರೆ. ನನಗೆ ಆರು ದಿನ ಹಿಡೀತು.)

ಆದರೆ ನನ್ನನ್ನ ಕಾಡಿದ್ದು ವ್ಯಾಕರಣ ಅಲ್ಲ. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಮನೇಲಿ ತೆಲುಗು, ಶಾಲೇಲಿ ಕನ್ನಡ. ಗೌರಿಬಿದನೂರು, ಚಿಂತಾಮಣಿ ಕಡೆಯವರಿಗೆ ಇದನ್ನ ವಿವರಿಸಬೇಕಿಲ್ಲ. ಒಂದನೇ ಕ್ಲಾಸಲ್ಲಿ ಮೇಷ್ಟ್ರು 'ಅರ್ಥ ಆಯ್ತಾ?' ಅಂದರೆ ಎಲ್ಲರೂ 'ಆಯ್ತು ಸಾ...' ಅಂತ ರಾಗ ಎಳೀತಿದ್ವಿ. ಆಗಿಲ್ಲ ಅನ್ನೋಕೆ ಬಾಯಲ್ಲಿದ್ದದ್ದು 'ಅರ್ಥಂ ಕಾಲೇದು' ಮಾತ್ರ, ತೆಲುಗು ಆಡಿದರೆ ಬೆತ್ತ. ಪಕ್ಕ ಕೂರ್ತಿದ್ದ ಗೆಳೆಯ ಮೂರನೇ ಕ್ಲಾಸಿಗೇ ಬಿಟ್ಟ. ದಡ್ಡ ಅಂದರು. ಇವತ್ತು ಗೂಡಿನ ಮಾರ್ಕೆಟ್ಟಲ್ಲಿ ಅವನು ತೆಲುಗು, ಕನ್ನಡ, ಉರ್ದು ಮೂರರಲ್ಲೂ ವ್ಯಾಪಾರ ಮಾತಾಡ್ತಾನೆ, ಲೆಕ್ಕವೆಲ್ಲ ಬಾಯಲ್ಲೇ. ನಾನು ಬಿ.ಇ. ಸೇರಿದಾಗ ಅದೇ ರಾಗ ಇಂಗ್ಲಿಷಿಗೆ ಬದಲಾಯ್ತು: 'ಯೆಸ್ ಸರ್'.

ಮೂವತ್ತು ದಾಟಿದ ಮೇಲೆ, ದುಡ್ಡು ಕೊಟ್ಟು ಸೇರಿದ ಕ್ಲಾಸಲ್ಲಿ, ಮೊದಲ ಸಲ ಒಬ್ಬ ಟೀಚರ್ ನನ್ನ ಕೈಲಿ 'ಗೊತ್ತಾಗ್ತಿಲ್ಲ' ಅಂತ ಹತ್ತು ಸಲ ಹೇಳಿಸಿದರು. ಅದೂ 'ಇಲ್ಲ' ಅನ್ನೋ ಪದವೇ ಇಲ್ಲದೆ. ಗೊತ್ತಿಲ್ಲದಿರೋದಕ್ಕೆ ಕೊರಿಯನ್‌ನಲ್ಲಿ ಬೇರೆ ಕ್ರಿಯಾಪದವೇ ಇದೆ, ಮೊರುದ.

ಇನ್ನೊಂದು ಉಪಯೋಗದ ಮಾತು 'ಇಗೊ ಹಂಗುಗೊರೊ ಮ್ವೊಯೆಯೊ?', ಇದಕ್ಕೆ ಕೊರಿಯನ್‌ನಲ್ಲಿ ಏನು? ಫೋನಲ್ಲಿದ್ದ ರೇಷ್ಮೆಗೂಡಿನ ಫೋಟೋ ತೋರಿಸಿ ಕೇಳಿದೆ. 'ಕೊಚಿ' ಅಂದರು. ನೂಲು ತೆಗೆದ ಮೇಲೆ ಉಳಿಯೋ ಹುಳ 'ಪೊಂದೆಗಿ', ಅಲ್ಲಿ ಬೇಯಿಸಿ ಕಪ್ಪಲ್ಲಿ ಹಾಕಿ ಬೀದೀಲಿ ಮಾರ್ತಾರಂತೆ. ನಮ್ಮೂರಲ್ಲಿ ಅದರ ವಾಸನೆಗೆ ಮೂಗು ಮುಚ್ಕೊಂಡೇ ಬೆಳೆದವನು ನಾನು.

ಚಿಂತಾಮಣಿಯಲ್ಲಿರೋ ಅಕ್ಕನ ಮಗಳಿಗೆ ಕೊರಿಯನ್ ಡ್ರಾಮಾ ಪ್ರಾಣ. ಏಳನೇ ಕ್ಲಾಸು. ದಸರಾ ರಜೆಗೆ ಹೋದಾಗ 'ತಾಶಿ ಹನ್‌ಬೊನ್' ಹೇಳಿಕೊಟ್ಟೆ, ಎರಡೇ ನಿಮಿಷಕ್ಕೆ ಕಲಿತಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಮಾಮ, ಇದನ್ನ ಮ್ಯಾಥ್ಸ್ ಸಾರ್‌ಗೆ ಕನ್ನಡದಲ್ಲಿ ಹೇಳಬೋದಾ? ಬೈಯಲ್ವಾ?"