ಎಂಟು ಗಂಟೆಗೆ ಮುಂಚಿನ ಮೂರು ಹಾಡುಗಳು

ಸೋಲ್ ಎಂದರೆ ಆತ್ಮ. ಅಮೆರಿಕದ ಕಪ್ಪು ಜನರು ತಮ್ಮ ಚರ್ಚುಗಳಲ್ಲಿ ಹಾಡುತ್ತಿದ್ದ ಭಕ್ತಿಗೀತೆಗಳ ಧಾಟಿಯಲ್ಲೇ ಪ್ರೀತಿ, ವಿರಹ, ಬದುಕಿನ ಕಷ್ಟಗಳನ್ನು ಹಾಡತೊಡಗಿದಾಗ, 1950ರ ದಶಕದಲ್ಲಿ ರೂಪುಗೊಂಡ ಸಂಗೀತಕ್ಕೆ ಈ ಹೆಸರು ಬಂತು. ಇದರ ದೊಡ್ಡ ಗಾಯಕರಾದ ಸ್ಯಾಮ್ ಕುಕ್ ಮತ್ತು ಅರೆಥಾ ಫ್ರಾಂಕ್ಲಿನ್ ಇಬ್ಬರೂ ಪಾದ್ರಿಗಳ ಮಕ್ಕಳು. ಈ ಸಂಗೀತಕ್ಕೂ ಉತ್ತರ ಇಂಗ್ಲೆಂಡಿನ ಹತ್ತಿ ಗಿರಣಿ, ಕಲ್ಲಿದ್ದಲು ಗಣಿಗಳ ಊರುಗಳಿಗೂ ಏನು ನಂಟು ಎಂದು ಯಾರಿಗಾದರೂ ಅನಿಸೀತು. ಕೆಲಸದ ನಿಮಿತ್ತ 2023ರ ಅಕ್ಟೋಬರಿನಿಂದ ಒಂದು ವರ್ಷ ಮ್ಯಾಂಚೆಸ್ಟರಿನಲ್ಲಿದ್ದ ನನಗೆ ಆ ನಂಟಿನ ಪರಿಚಯವಾಯಿತು.

1960ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೋಗಳ ಸಣ್ಣಪುಟ್ಟ ಕಂಪೆನಿಗಳು ಸಾವಿರಾರು ಹಾಡುಗಳನ್ನು ಮುದ್ರಿಸಿದವು. ಗೆದ್ದವು ಕೆಲವೇ. ಉಳಿದ ತಟ್ಟೆಗಳು ಗೋದಾಮುಗಳಲ್ಲಿ ಧೂಳು ತಿನ್ನುತ್ತಿದ್ದವು. ಅಮೆರಿಕ ಮರೆತ ಆ ವೇಗದ ಹಾಡುಗಳನ್ನೇ ಇಲ್ಲಿನ ಕಾರ್ಮಿಕ ಕುಟುಂಬಗಳ ಹುಡುಗ ಹುಡುಗಿಯರು ಹುಡುಕಿ ತಂದು ಕುಣಿದರು. ಮ್ಯಾಂಚೆಸ್ಟರಿನ 'ಟ್ವಿಸ್ಟೆಡ್ ವೀಲ್' ಕ್ಲಬ್ಬಿನಲ್ಲಿ ಬೆಳೆದ ಈ ಹುಚ್ಚಿಗೆ 1970ರಲ್ಲಿ ಪತ್ರಕರ್ತ ಡೇವ್ ಗಾಡಿನ್ 'ನಾರ್ದರ್ನ್ ಸೋಲ್' ಎಂದು ಹೆಸರಿಟ್ಟರು. 1973ರಿಂದ 1981ರವರೆಗೆ ವಿಗನ್ ಎಂಬ ಗಣಿಯ ಊರಿನ 'ವಿಗನ್ ಕ್ಯಾಸಿನೋ' ಇದರ ಕೇಂದ್ರವಾಗಿತ್ತು. ಹೆಸರು ಕ್ಯಾಸಿನೋ, ಆದರೆ ಅದು ಜೂಜುಕಟ್ಟೆಯಲ್ಲ. ಅಲ್ಲಿನ ಇಡೀ ರಾತ್ರಿಯ ಕೂಟಗಳಲ್ಲಿ ಮದ್ಯವೂ ಇರಲಿಲ್ಲ. ಎಚ್ಚರವಾಗಿರಲು ಹಲವರು ಮಾತ್ರೆ ನುಂಗುತ್ತಿದ್ದರು ಎಂಬುದೂ ನಿಜ. ಪೊಲೀಸರ ಕಣ್ಣು ಸದಾ ಈ ಕೂಟಗಳ ಮೇಲಿತ್ತು. ಇಂದು ಆ ಕಟ್ಟಡವಿಲ್ಲ, ಅದಿದ್ದ ಜಾಗದಲ್ಲಿ ಶಾಪಿಂಗ್ ಮಾಲ್ ಇದೆ. ಅಂದಿನ ಹುಡುಗರು ಈಗ ಅರುವತ್ತು ದಾಟಿದ್ದಾರೆ. ಕುಣಿತ ಮಾತ್ರ ನಿಂತಿಲ್ಲ.

ಇಂಗ್ಲೆಂಡಿನಲ್ಲಿ ನಾಲ್ಕು ಜನ ಸೇರುವುದೆಂದರೆ ಹೆಚ್ಚಾಗಿ ಪಬ್ಬಿನಲ್ಲೇ. ಕುಡಿಯದವನು ಸಂಜೆಯಾದ ಮೇಲೆ ಒಂಟಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಅದನ್ನು ಗಮನಿಸಿ ಒಂದು ಶನಿವಾರ ಸೋಲ್ ರಾತ್ರಿಗೆ ಕರೆದುಕೊಂಡು ಹೋದರು. ಈಗಿನ ಕೂಟಗಳಲ್ಲಿ ಬಾರ್ ಇರುತ್ತದೆ, ಆದರೆ ಕುಣಿಯುವವರ ಕೈಯಲ್ಲಿ ಹೆಚ್ಚಾಗಿ ನೀರಿನ ಬಾಟಲಿ. ಕೇರಂ ಬೋರ್ಡಿಗೆ ಹಾಕುವ ಹಾಗೆ ಮರದ ನೆಲಕ್ಕೆ ಪೌಡರ್ ಚೆಲ್ಲುತ್ತಾರೆ, ತೊಗಲಿನ ಅಟ್ಟೆಯ ಬೂಟು ಜಾರಲಿ ಎಂದು. ಜೋಡಿಯ ಗೊಡವೆಯಿಲ್ಲ, ಪ್ರತಿಯೊಬ್ಬರೂ ಒಬ್ಬೊಬ್ಬರೇ ಕುಣಿಯುತ್ತಾರೆ. ಆದರೆ ಹಾಡಿನ ಒಂದು ಜಾಗದಲ್ಲಿ ಇಡೀ ಸಭಾಂಗಣ ಏಕಕಾಲಕ್ಕೆ ಚಪ್ಪಾಳೆ ತಟ್ಟುತ್ತದೆ. ನಮ್ಮೂರಿನಲ್ಲಿ ದಫ್ ತಂಡದವರ ಕೈಗಳು ಒಟ್ಟಿಗೆ ಬೀಳುವುದನ್ನು ನೋಡಿ ಬೆಳೆದ ನನಗೆ ಮೈ ಜುಮ್ಮೆಂದಿತು.

ಜನವರಿಯ ಒಂದು ರಾತ್ರಿ ನೆನಪಾಗುತ್ತದೆ. ಸಭಾಂಗಣದ ಬದಿಯಲ್ಲಿ ಹಳೆಯ ತಟ್ಟೆಗಳನ್ನು ಮಾರುವ ಮೇಜುಗಳಿದ್ದವು. ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ, ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿರುವ ತಟ್ಟೆಯೊಂದು 2009ರಲ್ಲಿ 25 ಸಾವಿರ ಪೌಂಡಿಗೂ ಹೆಚ್ಚು ಬೆಲೆಗೆ ಮಾರಾಟವಾದ ಕತೆಯನ್ನು ನಾನು ಕೇಳಿದ್ದು ಅಲ್ಲೇ. ನಿವೃತ್ತ ಗಣಿ ಕಾರ್ಮಿಕರೊಬ್ಬರು ನನ್ನ ಹೆಸರು ಕೇಳಿದವರೇ ಪೆಟ್ಟಿಗೆಯಿಂದ ಜೋ ಟೆಕ್ಸ್‌ನ ತಟ್ಟೆ ತೆಗೆದು, "ಇವನೂ ನಿಮ್ಮವನೇ" ಎಂದರು. ಹೌದು, 1966ರಲ್ಲಿ ಮುಸ್ಲಿಮನಾದ ಆ ಗಾಯಕ ಮುಂದೆ ಯೂಸುಫ್ ಹಝೀಝ್ ಎಂದು ಹೆಸರು ಬದಲಿಸಿಕೊಂಡ. ನನ್ನವರ ಚರಿತ್ರೆಯ ಒಂದು ತುಣುಕನ್ನು ನಾನು ವಿಗನ್ ಸೀಮೆಯ ಗಣಿಗಾರನಿಂದ ತಿಳಿದುಕೊಂಡೆ.

ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿಯೆಂಬುದೇ ಚಿಕ್ಕದು. ಮೂರು ಗಂಟೆಯ ಸುಮಾರಿಗೇ ಫಜ್ರ್ ಹೊತ್ತು, ಐದರೊಳಗೆ ಸೂರ್ಯೋದಯ. ಕೂಟದ ನಡುವೆ ಎದ್ದು ಜಾಗ ಹುಡುಕುತ್ತಿದ್ದಾಗ ಕೋಟುಗಳನ್ನು ಕಾಯುವ ಕೋಣೆಯ ಅಜ್ಜಿ ವಿಷಯ ಕೇಳಿದರು. ಮಾತಿಲ್ಲದೆ ನಾಲ್ಕು ಸಾಲು ಕೋಟುಗಳನ್ನು ಪಕ್ಕಕ್ಕೆ ಸರಿಸಿ, ಒಗೆದ ಮೇಜುಬಟ್ಟೆಯೊಂದನ್ನು ಹಾಸಿ, ಯಾರೂ ಒಳಗೆ ಬಾರದಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಸಲಾಂ ಹೇಳಿ ಎದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೌಂಡು ಜಾಸ್ತಿಯಾಯಿತೇ?"

ಊರಿನಲ್ಲಿ ಉಮ್ಮನಿಗೆ ಇದು ಹಿಡಿಸಿರಲಿಲ್ಲ. "ಮೋನೇ, ರಾತ್ರಿಯಿಡೀ ಪಾಟು ಕೇಳ್ಲಿಕ್ಕೆ ಹೋಗ್ತೀಯಂತೆ?" ಎಂದು ಫೋನಿನಲ್ಲಿ ಕೇಳಿದರು. ಸಂಗೀತದ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಹಾಡು ಕೇಳುವುದರ ಕುರಿತೇ ಒಂದು ಭಾಗ ಬರೆದಿದ್ದಾರೆ. ನಾನು ಉಮ್ಮನೊಂದಿಗೆ ಆ ವಾದಕ್ಕೆ ಇಳಿಯಲಿಲ್ಲ. ಕೋಟಿನ ಕೋಣೆಯ ಅಜ್ಜಿಯ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ನನ್ನ ಸಲಾಂ ಹೇಳು" ಎಂದರು.

ಆ ವರ್ಷದ ಜುಲೈ 29ರಂದು ಸೌತ್‌ಪೋರ್ಟ್ ಎಂಬ ಊರಿನಲ್ಲಿ ಮೂವರು ಎಳೆಯ ಹುಡುಗಿಯರ ಕೊಲೆಯಾಯಿತು. ಕೊಲೆಗಾರ ಮುಸ್ಲಿಂ ವಲಸಿಗನೆಂಬ ಸುಳ್ಳು ಸುದ್ದಿ ಹಬ್ಬಿ, ಮರುದಿನ ಗುಂಪೊಂದು ಅಲ್ಲಿನ ಮಸೀದಿಯ ಮೇಲೆ ದಾಳಿ ಮಾಡಿತು. ಗಲಭೆ ಹಲವು ಊರುಗಳಿಗೆ ಹರಡಿತು. ಆಗಸ್ಟ್ 3ರಂದು ಸ್ಟೋಕ್-ಆನ್-ಟ್ರೆಂಟ್‌ಗೂ ಬಂತು. ಸೆಪ್ಟೆಂಬರಿನಲ್ಲಿ ನಾವು ಹೋಗಬೇಕೆಂದಿದ್ದ ರಾತ್ರಿಯ ಕೂಟ ಇದ್ದದ್ದು ಅದೇ ಊರಿನಲ್ಲಿ. ಬರುವುದಿಲ್ಲ ಎಂದು ತಿಳಿಸಿದೆ. ಹಿರಿಯರು ಫೋನ್ ಮಾಡಿ, "ನೀನು ರೈಲಿನಲ್ಲಿ ಬರುವುದು ಬೇಡ, ನಾನು ಮನೆಯಿಂದಲೇ ಕರೆದುಕೊಂಡು ಹೋಗಿ ಮನೆಗೇ ಬಿಡುತ್ತೇನೆ" ಎಂದರು.

ಅಳುಕುತ್ತಲೇ ಹೋದೆ. ಮೇಜಿನಲ್ಲಿ ಕುಳಿತಿದ್ದ ಒಬ್ಬರು, ಊರು ಮೊದಲಿನಂತಿಲ್ಲ, ಹೊರಗಿನವರು ಹೆಚ್ಚಾದರು ಎಂದು ಗೊಣಗಿದರು. ಅವರೇ ಅರ್ಧ ಗಂಟೆ ಬಿಟ್ಟು ನನಗೊಂದು ಲೋಟ ಚಹಾ ತಂದಿಟ್ಟರು. ಮನುಷ್ಯರು ಹೀಗೆಯೇ, ಒಂದೇ ಬಣ್ಣದಲ್ಲಿ ಸಿಗುವುದಿಲ್ಲ. ಹಿರಿಯರು ಮಾತ್ರ ಸಿಟ್ಟಾಗಿದ್ದರು. "ಐವತ್ತು ವರ್ಷಗಳಿಂದ ನಾವು ಕುಣಿಯುತ್ತಿರುವುದು ಯಾರ ಹಾಡಿಗೆ ಅಂತ ಇವರು ಒಮ್ಮೆಯಾದರೂ ಯೋಚಿಸಬೇಡವೇ?" ಎಂದರು.

ವಿಗನ್ ಕ್ಯಾಸಿನೋದ ಇಡೀ ರಾತ್ರಿಯ ಕೂಟ ಮುಗಿಯುತ್ತಿದ್ದದ್ದು ಬೆಳಗಿನ ಎಂಟಕ್ಕೆ. ಕೊನೆಯ ಮೂರು ಹಾಡುಗಳು ಯಾವಾಗಲೂ ಅವೇ: ಟೋಬಿ ಲೆಜೆಂಡ್, ಜಿಮ್ಮಿ ರಾಡ್‌ಕ್ಲಿಫ್, ಡೀನ್ ಪ್ಯಾರಿಶ್ ಹಾಡಿದವು. ಬಯಲಾಟದ ಕೊನೆಗೆ ಮಂಗಳ ಹಾಡುವಂತೆ. ಸ್ಟೋಕಿನಲ್ಲೂ ಬೆಳಗಾಗುವಾಗ ಅವನ್ನು ನುಡಿಸಿದರು. ಗೊಣಗಿದವರೂ, ಸಿಟ್ಟಾದವರೂ, ನಾನೂ ಒಂದೇ ಪೌಡರಿನ ನೆಲದ ಮೇಲೆ ನಿಂತಿದ್ದೆವು.

ಅಷ್ಟರಿಂದ ದ್ವೇಷ ಅಳಿದುಹೋಗುತ್ತದೆಂದು ನಾನು ನಂಬುವುದಿಲ್ಲ. ಹಾಡು ಪ್ರೀತಿಸಿದವರೆಲ್ಲ ಹಾಡಿದವರನ್ನೂ ಪ್ರೀತಿಸುತ್ತಾರೆಂದಿಲ್ಲ. ಆದರೆ ಸೌತ್‌ಪೋರ್ಟಿನ ಮಸೀದಿಯ ಒಡೆದ ಗೋಡೆಯನ್ನು ಮರುದಿನವೇ ಕಟ್ಟಲು ಬಂದವರು ಆ ಊರಿನವರೇ. ಸುಟ್ಟವರ ಸುದ್ದಿ ಜಗತ್ತಿಗೆ ಬೇಗ ತಲುಪುತ್ತದೆ. ಇಟ್ಟಿಗೆ ಹಿಡಿದು ಬಂದವರ, ಬಾಗಿಲಿಗೆ ಬೆನ್ನು ಕೊಟ್ಟು ನಿಂತವರ ಸುದ್ದಿಯನ್ನು ಕಂಡವರೇ ಹೇಳಬೇಕಾಗುತ್ತದೆ.